ನುಡಿಯಲ್ಲಿ ಆರು ಅಧ್ಯಾಯ, ಫೋನಿನಲ್ಲಿ ಮೂರು: ಕಾದಂಬರಿಗೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ನಮಸ್ಕಾರ ಸರ್. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಊರು ಸಾಗರದ ಹತ್ತಿರ. ಹತ್ತು ವರ್ಷದಿಂದ ಬಿಟ್ಟು ಬಿಟ್ಟು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಆರು ಅಧ್ಯಾಯಗಳನ್ನು ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರಿನಲ್ಲಿ, ವರ್ಡ್ ತೆರೆದು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದೆ. ಆಮೇಲಿನ ಮೂರನ್ನು ಆಂಡ್ರಾಯ್ಡ್ ಫೋನಿನಲ್ಲಿ ಬರೆದೆ. ಇನ್ನು ಐದು ಅಧ್ಯಾಯ ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲೇ ಇವೆ. ಈಗ ಮಗಳು ತನ್ನ ಮ್ಯಾಕ್ ಲ್ಯಾಪ್‌ಟಾಪ್ ಕೊಟ್ಟಿದ್ದಾಳೆ. ಅದರಲ್ಲಿ ನುಡಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಫೋನಿನಲ್ಲಿ ಬರೆದದ್ದನ್ನು ಹಳೇ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚೌಕಗಳು. ಗೆಳೆಯರೊಬ್ಬರು ಸ್ಕ್ರಿವೆನರ್ ಕೊಳ್ಳಿ ಅಂತಾರೆ. ಇನ್ನೊಬ್ಬರು ಗೂಗಲ್ ಡಾಕ್ಸ್ ಸಾಕು ಅಂತಾರೆ. ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಕಟ್ಟುವ ಡಿಟಿಪಿಯವರು 'ನುಡಿಯಲ್ಲೇ ಕೊಡಿ, ಯೂನಿಕೋಡ್ ಆದ್ರೆ ಒತ್ತಕ್ಷರ ಒಡೆಯುತ್ತೆ' ಅಂದರು. ಆರು ಅಧ್ಯಾಯಗಳನ್ನು ಮತ್ತೆ ಟೈಪ್ ಮಾಡಬೇಕಾ? ಯಾವ ಸಾಫ್ಟ್‌ವೇರ್ ಹಿಡಿಯಲಿ? ಪುಟವಿನ್ಯಾಸ ನಾನೇ ಮಾಡಿಕೊಳ್ಳಬಹುದಾ? ಬರೆದದ್ದು ಕಳೆದುಹೋಗುತ್ತೇನೋ ಅನ್ನುವ ಭಯದಲ್ಲಿ ಆರು ತಿಂಗಳಿಂದ ಒಂದು ಸಾಲೂ ಬರೆದಿಲ್ಲ.

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಸಾಲು ಓದಿ ಬೇಜಾರಾಯಿತು. ಅದಕ್ಕೇ ಮೊದಲು ಸಮಾಧಾನದ ಮಾತು ಹೇಳುತ್ತೇನೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಒಂದು ಅಕ್ಷರವೂ ಹಾಳಾಗಿಲ್ಲ. ಆರು ಅಧ್ಯಾಯಗಳನ್ನು ಮತ್ತೆ ಟೈಪ್ ಮಾಡುವುದೂ ಬೇಡ.

ಇಪ್ಪತ್ತು ವರ್ಷದಿಂದ ಕನ್ನಡ ಪುಸ್ತಕಗಳ ಹಸ್ತಪ್ರತಿ ಸಿದ್ಧಪಡಿಸಿ ಪುಟ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವ ಲೇಖಕರು ಕೇಳುವ ಮೊದಲ ಪ್ರಶ್ನೆಯೇ 'ಯಾವ ಸಾಫ್ಟ್‌ವೇರ್' ಅನ್ನುವುದು. ನಾನು ಮೊದಲು ನೋಡುವುದು ಫೈಲಿನೊಳಗೆ ಏನಿದೆ ಅನ್ನುವುದನ್ನು. ಫೈಲಿನೊಳಗಿನ ಅಕ್ಷರ ಸರಿಯಾಗಿದ್ದರೆ ಸಾಫ್ಟ್‌ವೇರನ್ನು ನಾಳೆ ಬದಲಿಸಬಹುದು, ಹತ್ತು ವರ್ಷ ಬಿಟ್ಟೂ ಬದಲಿಸಬಹುದು. ಅದು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಕೊಂಡರೂ ಕಷ್ಟ ತಪ್ಪುವುದಿಲ್ಲ.

ನಿಮ್ಮ ಗೊಂದಲದ ಮೂಲ ಇಲ್ಲಿದೆ. 'ನುಡಿ' ಅಂತ ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು ಅನ್ನುವ ಕೀಲಿಮಣೆ ಒಂದು. ಅಕ್ಷರದ ಆಕಾರ ಕೊಡುವ ಫಾಂಟ್ ಇನ್ನೊಂದು. ಅಕ್ಷರವನ್ನು ಕಂಪ್ಯೂಟರ್ ಯಾವ ಸಂಖ್ಯೆಯಾಗಿ ಉಳಿಸಿಟ್ಟುಕೊಳ್ಳುತ್ತದೆ ಅನ್ನುವ ಸಂಕೇತ ಮತ್ತೊಂದು. ಹಳೇ ನುಡಿ, ಹಳೇ ಬರಹ, ಶ್ರೀಲಿಪಿ ಈ ಕನ್ನಡ ಸಾಫ್ಟ್‌ವೇರುಗಳೆಲ್ಲ ಬಂದ ಕಾಲದಲ್ಲಿ ಸಾಮಾನ್ಯ ಕಂಪ್ಯೂಟರಿಗೆ ಕನ್ನಡ ಲಿಪಿಯ ಪರಿಚಯವೇ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಬಳಸಿಕೊಂಡು, ಫಾಂಟಿನೊಳಗೆ ಆ ಜಾಗಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದರು. ನಾವು ಅದನ್ನು ರೂಢಿಯಲ್ಲಿ ಆಸ್ಕಿ ಅನ್ನುತ್ತೇವೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಒಂದು ತಲೆಮಾರಿನ ಕನ್ನಡ ಪುಸ್ತಕಗಳು ಅದರಲ್ಲೇ ಬಂದವು. ಆದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಒಳಗಿನ ಯುರೋಪಿನ ಅಕ್ಷರಗಳು ಹೊರಗೆ ಕಾಣುತ್ತವೆ. ಮಗಳ ಮ್ಯಾಕ್‌ನಲ್ಲಿ ಆದದ್ದು ಇಷ್ಟೇ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ. 'ಕ' ಎಲ್ಲಿ ಹೋದರೂ 'ಕ'ವೇ. ನಿಮ್ಮ ಫೋನು ಬರೆಯುವುದು ಅದರಲ್ಲಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹಿರಿಯ ಲೇಖಕರು ಜಾಸ್ತಿ ಹೆದರುವುದು ಇದಕ್ಕೇ. ಯೂನಿಕೋಡ್‌ಗೆ ಬಂದರೆ ಬೆರಳಿಗೆ ಅಭ್ಯಾಸವಾದ ಕೀಲಿಮಣೆಯನ್ನು ಬಿಡಬೇಕು ಅಂದುಕೊಳ್ಳುತ್ತಾರೆ. ಬಿಡಬೇಕಿಲ್ಲ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡುವ ಸೌಲಭ್ಯ ನುಡಿಯ ಈಚಿನ ಆವೃತ್ತಿಗಳಲ್ಲಿದೆ, ಲಿನಕ್ಸ್‌ನಲ್ಲೂ ಇದೆ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲಿ ಇಂಗ್ಲಿಷ್ ಉಚ್ಚಾರದ ಹಾಗೆ ಟೈಪ್ ಮಾಡುವ ಕನ್ನಡ ಕೀಲಿಮಣೆಯೂ ಜೊತೆಗೇ ಬರುತ್ತದೆ. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಆಯಿತು. ಅದರ ವಿನ್ಯಾಸ ಮಾತ್ರ ನಿಮ್ಮ ಬೆರಳಿಗೆ ಹೊಸದು. ಎರಡು ವಾರ ಕಷ್ಟವಾಗುತ್ತದೆ, ಆಮೇಲೆ ಕೂರುತ್ತದೆ.

ಈಗ ಪರದೆಯ ಮೇಲೆ ಕನ್ನಡ ಕೆಟ್ಟು ಕಂಡಾಗ ಏನು ಅರ್ಥ ಮಾಡಿಕೊಳ್ಳಬೇಕು ಅನ್ನುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದು ಆಸ್ಕಿ ಪಠ್ಯ, ಫಾಂಟ್ ಇಲ್ಲ. ಪಠ್ಯ ಕ್ಷೇಮ. ಚೌಕಗಳು ಕಂಡರೆ ಅದು ಯೂನಿಕೋಡ್ ಪಠ್ಯ, ಆ ಕಂಪ್ಯೂಟರಿನಲ್ಲಿ ಕನ್ನಡ ತೋರಿಸುವ ವ್ಯವಸ್ಥೆ ಇಲ್ಲ. ಆಗಲೂ ಪಠ್ಯ ಕ್ಷೇಮ. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನುವ ಕನ್ನಡ ಫಾಂಟ್ ಇತ್ತು. ಆದರೆ ಭಾರತೀಯ ಲಿಪಿಗಳ ಬೆಂಬಲವನ್ನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ನಾವೇ ಸೇರಿಸಿಕೊಳ್ಳಬೇಕಿತ್ತು. ನಿಮ್ಮ ಹಳೇ ಕಂಪ್ಯೂಟರಿನಲ್ಲಿ ಯಾರೂ ಅದನ್ನು ಮಾಡಿರಲಿಕ್ಕಿಲ್ಲ.

ಒತ್ತಕ್ಷರಗಳು ಕೆಳಗೆ ಕೂರದೆ 'ಕ್' ಮುಂದೆ 'ಕ' ಅಂತ ಪಕ್ಕಪಕ್ಕ ನಿಂತರೆ, ಆ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ ಎಂದರ್ಥ. ಅಕ್ಷರ ಒಡೆದಿಲ್ಲ, ತೋರಿಸುವ ಕನ್ನಡಿ ಸರಿಯಿಲ್ಲ. ಚುಕ್ಕಿಗಳ ಸಣ್ಣ ವೃತ್ತದ ಪಕ್ಕ ಒಂದು ಕೊಂಬೋ ದೀರ್ಘವೋ ನೇತಾಡುತ್ತಿದ್ದರೆ, ಅಲ್ಲಿ ವ್ಯಂಜನ ತಪ್ಪಿಹೋಗಿ ಚಿಹ್ನೆ ಮಾತ್ರ ಉಳಿದಿದೆ. ಅದನ್ನು ಕೈಯಾರೆ ತಿದ್ದಬೇಕು.

ನಿಜವಾಗಿ ಹೆದರಬೇಕಾದದ್ದು ಒಂದಕ್ಕೇ: ಅಕ್ಷರಗಳ ಜಾಗದಲ್ಲಿ ಸಾಲು ಸಾಲು ಪ್ರಶ್ನೆ ಚಿಹ್ನೆಗಳು. ಯೂನಿಕೋಡ್ ಕನ್ನಡವನ್ನು ಹಳೇ ನೋಟ್‌ಪ್ಯಾಡ್‌ನಲ್ಲಿ 'ಆನ್ಸಿ' ಅನ್ನುವ ಹಳೇ ಸಂಕೇತದಲ್ಲಿ ಸೇವ್ ಮಾಡಿದರೆ ಹೀಗಾಗುತ್ತದೆ. ಅದು ಎಚ್ಚರಿಕೆ ಕೊಡುತ್ತದೆ, ನಾವು ಓದದೆ ಓಕೆ ಒತ್ತುತ್ತೇವೆ. ಆಗ ಕನ್ನಡ ನಿಜವಾಗಿಯೂ ಹೋಯಿತು. ಪ್ರಶ್ನೆ ಚಿಹ್ನೆಯಿಂದ ಅಕ್ಷರವನ್ನು ವಾಪಸ್ ತರುವ ದಾರಿ ಯಾರ ಹತ್ತಿರವೂ ಇಲ್ಲ. ಅದಕ್ಕೇ ಹೇಳುವುದು: ಹಳೇ ಕಂಪ್ಯೂಟರಿನಲ್ಲಿ ನಿಮ್ಮ ಫೋನಿನ ಅಧ್ಯಾಯಗಳನ್ನು ಇನ್ನು ತೆರೆಯಬೇಡಿ. ತೆರೆದರೂ ಸೇವ್ ಮಾಡಬೇಡಿ.

ಈಗ ಆ ಆರು ಅಧ್ಯಾಯಗಳು. ಪರಿವರ್ತಿಸುವ ಮೊದಲು ಒಂದು ಕೆಲಸ ಮಾಡಿ. ಹಳೇ ಕಂಪ್ಯೂಟರ್ ಇನ್ನೂ ಏಳುತ್ತಿರುವಾಗಲೇ, ಕನ್ನಡ ಸರಿಯಾಗಿ ಕಾಣುವ ಆ ಪರದೆಯಿಂದಲೇ ಆರು ಅಧ್ಯಾಯಗಳ ಪ್ರಿಂಟ್ ತೆಗೆಯಿರಿ. ಪಿಡಿಎಫ್ ಮಾಡುವ ಅನುಕೂಲ ಇದ್ದರೆ ಅದೂ ಸರಿ. ಅದೇ ನಿಮ್ಮ ಸಾಕ್ಷಿ. ನಾಳೆ ಪರಿವರ್ತನೆಯಲ್ಲಿ ಎಲ್ಲಿ ಅನುಮಾನ ಬಂದರೂ ಅದನ್ನು ನೋಡಿ ತಿದ್ದಬಹುದು. ಮೂಲ ಫೈಲುಗಳನ್ನೂ ಆ ನುಡಿ ಫಾಂಟುಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ ತೆಗೆದಿಡಿ.

ಆಮೇಲೆ ಪರಿವರ್ತನೆ. ನುಡಿ, ಬರಹ ಎರಡರ ಜೊತೆಗೂ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಗಳಿವೆ. ಅವು ವಿಂಡೋಸ್‌ನಲ್ಲಿ ಓಡುವುದರಿಂದ ಪರಿಚಯದವರ ಹೊಸ ವಿಂಡೋಸ್ ಕಂಪ್ಯೂಟರಿನಲ್ಲಿ ಕೂತು ಒಂದು ಸಂಜೆ ಮುಗಿಸಿಬಿಡಿ. ಮೂಲ ಯಾವ ಫಾಂಟಿನದು ಅನ್ನುವುದು ಮುಖ್ಯ. ಶ್ರೀಲಿಪಿಯ ಫೈಲನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಎರಡರ ಒಳಗಿನ ಜೋಡಣೆ ಬೇರೆ ಬೇರೆ.

ಪರಿವರ್ತನೆ ಎಷ್ಟೇ ಚೆನ್ನಾಗಿದ್ದರೂ ಕೆಲವು ಜಾಗಗಳಲ್ಲಿ ಎಡವುತ್ತದೆ. ಅದಕ್ಕೆ ಕಾರಣ ಇದೆ. 'ಧರ್ಮ' ಅನ್ನುವ ಪದ ತೆಗೆದುಕೊಳ್ಳಿ. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ ಇರುತ್ತದೆ: ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ: ಧ, ರ್, ಮ. ಅಂದರೆ ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಇಡಬೇಕು. ಒತ್ತು, ದೀರ್ಘ ಎಲ್ಲ ಸೇರಿಕೊಂಡ ಕಡೆ ಅದು ತಪ್ಪು ಜಾಗಕ್ಕೆ ಹೋಗುತ್ತದೆ. 'ಸಾಮರ್ಥ್ಯ', 'ಮೂರ್ಛೆ', 'ಅರ್ಘ್ಯ' ಇಂಥ ಪದಗಳನ್ನು ಹುಡುಕಿ ನೋಡಿ. ನಿಮ್ಮ ಪಠ್ಯದ ಮಧ್ಯೆ ಇಂಗ್ಲಿಷ್ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆದಿದ್ದರೆ ಅವನ್ನೂ ಪರಿವರ್ತಕ ಕನ್ನಡ ಅಂದುಕೊಂಡು ಬದಲಿಸಿಬಿಡಬಹುದು. ಉದ್ಧರಣ ಚಿಹ್ನೆಗಳೂ ಕೆಡುತ್ತವೆ. ಕಾದಂಬರಿಯಲ್ಲಿ ಸಂಭಾಷಣೆ ಜಾಸ್ತಿ ಇರುವುದರಿಂದ ಇದು ದೊಡ್ಡ ಕೆಲಸವೇ.

ಪರಿವರ್ತಕದ ತಪ್ಪಲ್ಲದ, ನಾವೇ ಮಾಡಿದ ಕೆಲವು ತಪ್ಪುಗಳೂ ಈಗ ಬೆಳಕಿಗೆ ಬರುತ್ತವೆ. ತುಂಬ ಸಾಮಾನ್ಯವಾದದ್ದು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. 'ಕಂಪನ' ಮತ್ತು 'ಕ೦ಪನ' ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಸೊನ್ನೆ. ಕಾಗದದ ಮೇಲೆ ಯಾರಿಗೂ ಗೊತ್ತಾಗದೆ ಹೋಗಬಹುದು. ಆದರೆ ಹುಡುಕಿದರೆ ಪದ ಸಿಗುವುದಿಲ್ಲ. 'ದುಃಖ'ದ ವಿಸರ್ಗಕ್ಕೆ ಇಂಗ್ಲಿಷ್‌ನ ಕೋಲನ್ ಹಾಕುವುದೂ ಹೀಗೇ. ಒಂದು ಹಸ್ತಪ್ರತಿಯಲ್ಲಿ ಇಂಥ ಸೊನ್ನೆಗಳನ್ನೆಲ್ಲ ತೆಗೆಯಲು ನನಗೆ ಪೂರ್ತಿ ಎರಡು ದಿನ ಹಿಡಿದಿತ್ತು. ಸುಮ್ನೆ ಎಲ್ಲ ಸೊನ್ನೆಗಳನ್ನೂ ಒಟ್ಟಿಗೆ ಬದಲಿಸುವ ಹಾಗಿಲ್ಲ, ಆ ಲೇಖಕರು ಇಸವಿಗಳನ್ನು ಕನ್ನಡ ಅಂಕಿಗಳಲ್ಲೇ ಬರೆದಿದ್ದರು.

ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವಿದೆ. 'ಸಾಫ್ಟ್‌ವೇರ್' ಅಂತ ಬರೆದಾಗ 'ಟ್' ಆದಮೇಲೆ ಜೋಡಣೆಯನ್ನು ತಡೆಯುವ ಒಂದು ಗುಪ್ತ ಚಿಹ್ನೆ ಇರುತ್ತದೆ. ಅದು ಹೋದರೆ 'ಸಾಫ್ಟ್ವೇರ್' ಆಗಿಬಿಡುತ್ತದೆ. 'ರ‍್ಯಾಂಕ್' ಎಂದು ಬರೆದದ್ದು 'ರ್ಯಾಂಕ್' ಆಗುವುದೂ ಇಂಥದೇ ಕಾರಣಕ್ಕೆ, ಅಲ್ಲಿರುವುದು ಜೋಡಿಸುವ ಗುಪ್ತ ಚಿಹ್ನೆ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಪಠ್ಯ ಸಾಗಿಸುವಾಗ, 'ಅನಗತ್ಯ ಚಿಹ್ನೆ ತೆಗೆ' ಅನ್ನುವಂಥ ಸ್ವಚ್ಛತಾ ಸಾಧನಗಳನ್ನು ಓಡಿಸಿದಾಗ ಇವು ಮಾಯವಾಗುತ್ತವೆ.

ಹಾಗಾಗಿ ನಾನು ಒಂದು ಪರೀಕ್ಷಾ ಸಾಲು ಇಟ್ಟುಕೊಂಡಿದ್ದೇನೆ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಅರ್ಘ್ಯ, ವೈಶಿಷ್ಟ್ಯ, ದುಃಖ, ಸಾಫ್ಟ್‌ವೇರ್, ರ‍್ಯಾಂಕ್. ಯಾವುದೇ ಹೊಸ ಸಾಫ್ಟ್‌ವೇರ್ ಸಿಕ್ಕರೆ ಮೊದಲು ಈ ಸಾಲು ಹಾಕುತ್ತೇನೆ. ಸೇವ್ ಮಾಡಿ, ಮುಚ್ಚಿ, ಬೇರೆ ಸಾಧನದಲ್ಲಿ ತೆರೆಯುತ್ತೇನೆ. ಪಿಡಿಎಫ್ ಮಾಡಿ ನೋಡುತ್ತೇನೆ. ಎಲ್ಲ ಕಡೆ ಸರಿ ಬಂದರೆ ಮಾತ್ರ ಆ ಸಾಫ್ಟ್‌ವೇರಿನ ಬೇರೆ ಗುಣಗಳ ಬಗ್ಗೆ ಯೋಚನೆ. ನೀವೂ ಹೀಗೇ ಮಾಡಿ, ಹತ್ತು ನಿಮಿಷದ ಕೆಲಸ.

ಈಗ ಸಾಫ್ಟ್‌ವೇರ್ ವಿಷಯಕ್ಕೆ ಬರೋಣ.

ಸ್ಕ್ರಿವೆನರ್ ಒಳ್ಳೆಯ ಸಾಧನ, ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಅಧ್ಯಾಯ, ದೃಶ್ಯಗಳನ್ನು ಬಿಡಿ ಚೀಟಿಗಳ ಹಾಗೆ ಇಟ್ಟುಕೊಂಡು ಹಿಂದೆ ಮುಂದೆ ಸರಿಸಬಹುದು. ಟಿಪ್ಪಣಿ, ಪಾತ್ರಗಳ ವಿವರ ಎಲ್ಲ ಒಂದೇ ಕಡೆ ಇರುತ್ತವೆ. ಕಥೆ ಮೂರು ಕಾಲಗಳಲ್ಲಿ ಓಡಾಡುವಂಥ ದೊಡ್ಡ ಕಾದಂಬರಿ ಬರೆಯುವವರಿಗೆ ಅದು ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಅದು ಮ್ಯಾಕ್, ವಿಂಡೋಸ್, ಐಫೋನ್, ಐಪ್ಯಾಡ್‌ಗಳಿಗೆ ಮಾತ್ರ ಇದೆ. ನಿಮ್ಮ ಆಂಡ್ರಾಯ್ಡ್ ಫೋನಿಗೆ ಇಲ್ಲ. ಮ್ಯಾಕ್‌ಗೆ ಕೊಂಡರೆ ಅದು ವಿಂಡೋಸ್‌ಗೆ ಆಗುವುದಿಲ್ಲ, ಬೇರೆ ಲೈಸೆನ್ಸ್. ಅದರ ಫೈಲು ನೋಡಲು ಒಂದೇ ಅನಿಸಿದರೂ ಒಳಗೆ ನೂರಾರು ಸಣ್ಣ ಫೈಲುಗಳಿರುವ ಫೋಲ್ಡರ್. ಅದನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಎರಡು ಕಂಪ್ಯೂಟರಿನಿಂದ ತೆರೆದರೆ ಒಳಗಿನ ತುಣುಕುಗಳು ಅರ್ಧ ಬಂದು ಅರ್ಧ ಬಾರದೆ ಗೊಂದಲವಾಗುವ ಸಾಧ್ಯತೆ ಇದೆ. ನೋಡಲೇಬೇಕು ಅನ್ನಿಸಿದರೆ 30 ದಿನದ ಉಚಿತ ಪ್ರಯೋಗ ಇದೆ. ಬಳಸಿದ ದಿನವನ್ನು ಮಾತ್ರ ಅದು ಲೆಕ್ಕ ಹಿಡಿಯುತ್ತದೆ, ಅವಸರವಿಲ್ಲ. ಫೋನಿನಲ್ಲಿ ಬರೆಯುವ ಅಭ್ಯಾಸ ಇರುವ ನಿಮಗೆ ಇದು ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ.

ಗೂಗಲ್ ಡಾಕ್ಸ್ ಫೋನು, ಮ್ಯಾಕ್, ವಿಂಡೋಸ್ ಎಲ್ಲದರಲ್ಲೂ ಒಂದೇ ಥರ ತೆರೆಯುತ್ತದೆ. ನೀವು ನಿನ್ನೆ ಅಳಿಸಿದ್ದನ್ನು ಹಳೇ ಆವೃತ್ತಿಗಳಿಂದ ಇಂದು ವಾಪಸ್ ತರಬಹುದು. ಭಯ ಇರುವವರಿಗೆ ಇದೊಂದೇ ಗುಣ ಸಾಕು. ತೊಂದರೆಗಳೂ ಇವೆ. ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅನ್ನುವುದು ನಿಮಗೇ ಗೊತ್ತು, ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಇನ್ನೊಂದು, ಒಂದು ಡಾಕ್ಯುಮೆಂಟಿಗೆ 10.2 ಲಕ್ಷ ಕ್ಯಾರೆಕ್ಟರ್‌ಗಳ ಮಿತಿ ಇದೆ. ಬಹಳ ಆಯಿತಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ನಾವು ಒಂದೇ ಅಕ್ಷರ ಅಂದುಕೊಳ್ಳುವ 'ಸ್ತ್ರೀ' ಕಂಪ್ಯೂಟರಿನ ಲೆಕ್ಕದಲ್ಲಿ ಆರು: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ತ, ವಿರಾಮ, ರ, ಈ-ಕಾರ. ದೊಡ್ಡ ಕನ್ನಡ ಕಾದಂಬರಿ ಆ ಮಿತಿಯ ಹತ್ತಿರ ಹೋಗಬಲ್ಲದು. ಅದಕ್ಕೂ ಬಹಳ ಮೊದಲೇ ಫೋನಿನಲ್ಲಿ ತೆರೆಯುವುದು ನಿಧಾನವಾಗುತ್ತದೆ. ಅಧ್ಯಾಯಕ್ಕೊಂದು ಫೈಲ್ ಮಾಡಿಕೊಂಡರೆ ಈ ಸಮಸ್ಯೆಯೇ ಬರುವುದಿಲ್ಲ.

ವರ್ಡ್ ಎಲ್ಲ ಕಡೆ ಸಿಗುತ್ತದೆ, ಪ್ರಕಾಶಕರೂ ಅದನ್ನೇ ಕೇಳುತ್ತಾರೆ. 'ಮ್ಯಾಕ್‌ನಲ್ಲಿ ಕನ್ನಡ ಬರಲ್ಲ' ಅನ್ನುವ ಮಾತು ಹುಟ್ಟಿದ್ದು ಮ್ಯಾಕ್‌ನ 2011ರ ವರ್ಡ್‌ನಿಂದ. ಅದು ಭಾರತೀಯ ಲಿಪಿಗಳನ್ನು ಸರಿಯಾಗಿ ತೋರಿಸುತ್ತಿರಲಿಲ್ಲ. ಈಗಿನದಕ್ಕೆ ಆ ತೊಂದರೆ ಇಲ್ಲ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಲಿಬ್ರೆಆಫೀಸ್ ಇದೆ. ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬರುತ್ತದೆ, ಕನ್ನಡ ಚೆನ್ನಾಗಿ ಜೋಡಿಸುತ್ತದೆ. ಮ್ಯಾಕ್‌ನ ಪೇಜಸ್‌ನಲ್ಲಿ ಮಾತ್ರ ಕಾದಂಬರಿ ಬರೆಯಬೇಡಿ. ಕನ್ನಡ ಚೆನ್ನಾಗೇ ಬರುತ್ತದೆ. ಆದರೆ ಆ ಫೈಲನ್ನು ನಿಮ್ಮ ಡಿಟಿಪಿಯವರು ತೆರೆಯಲಾರರು.

ವರ್ಡ್, ಲಿಬ್ರೆಆಫೀಸ್ ಎರಡರಲ್ಲೂ ಒಂದು ಸಂಗತಿ ಗೊತ್ತಿರಲಿ. ಇದು ಗೊತ್ತಿಲ್ಲದೆ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರೆ. ಫಾಂಟ್ ಮತ್ತು ಗಾತ್ರಕ್ಕೆ ಅವುಗಳಲ್ಲಿ ಎರಡು ಜಾಗಗಳಿವೆ, ಇಂಗ್ಲಿಷಿನಂಥ ಲಿಪಿಗೆ ಒಂದು, 'ಕಾಂಪ್ಲೆಕ್ಸ್' ಲಿಪಿಗಳಿಗೆ ಇನ್ನೊಂದು. ಕನ್ನಡ ಎರಡನೆಯದಕ್ಕೆ ಸೇರುತ್ತದೆ. ಸ್ಟೈಲ್ ತಿದ್ದುವಾಗ ಮೊದಲನೆಯ ಜಾಗದಲ್ಲಿ 14 ಅಂತ ಹಾಕಿ 'ಅಕ್ಷರ ದೊಡ್ಡದಾಗ್ತಾನೇ ಇಲ್ಲ' ಅನ್ನುತ್ತಾರೆ. ಎರಡನೆಯ ಜಾಗದಲ್ಲಿ ಹಾಕಿ, ಆಗುತ್ತದೆ. ಲಿಬ್ರೆಆಫೀಸಿನ ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಲಿಪಿಗೆ ಕನ್ನಡ ಆರಿಸಿಡಿ. ಕಾಗುಣಿತ ಪರೀಕ್ಷೆಯನ್ನು ಆಫ್ ಮಾಡಿ. 'ಬಂದಿದ್ದರಂತೆ', 'ಹೋಗಬೇಕಾಗಿತ್ತಲ್ಲವೇ' ಅಂತ ಪ್ರತ್ಯಯಗಳು ಸೇರಿ ಬೆಳೆಯುವ ನಮ್ಮ ಪದಗಳು ಅದರ ಪಟ್ಟಿಯಲ್ಲಿ ಇರುವುದಿಲ್ಲ. ಪುಟವೆಲ್ಲ ಕೆಂಪು ಗೆರೆ ನೋಡುತ್ತ ಯಾರಿಗೆ ಬರೆಯಲು ಮನಸ್ಸಾಗುತ್ತದೆ?

ನಿಮಗೆ ನಾನು ಹೇಳುವುದು ಇಷ್ಟು. ಬರೆಯಲು ಗೂಗಲ್ ಡಾಕ್ಸ್, ಅಧ್ಯಾಯಕ್ಕೊಂದು ಫೈಲು. ಫೋನಿನಲ್ಲೂ ಮ್ಯಾಕ್‌ನಲ್ಲೂ ಅದನ್ನೇ ತೆರೆಯಿರಿ. ಪ್ರತಿ ಭಾನುವಾರ ಎಲ್ಲ ಅಧ್ಯಾಯಗಳನ್ನೂ ವರ್ಡ್ ಫೈಲಾಗಿ ಡೌನ್‌ಲೋಡ್ ಮಾಡಿ, ತಾರೀಖು ಹಾಕಿದ ಫೋಲ್ಡರಿನಲ್ಲಿ ಮ್ಯಾಕ್‌ನಲ್ಲೊಂದು, ಪೆನ್‌ಡ್ರೈವ್‌ನಲ್ಲೊಂದು ಪ್ರತಿ ಇಡಿ. ಇಡೀ ಕಾದಂಬರಿಯ ಪಠ್ಯ ಕೆಲವೇ ಎಂಬಿ, ಜಾಗದ ಚಿಂತೆ ಬೇಡ. ಮುಗಿದ ಮೇಲೆ ಲಿಬ್ರೆಆಫೀಸ್ ಅಥವಾ ವರ್ಡ್‌ನಲ್ಲಿ ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸಿ.

ಬರೆಯುವಾಗ ಪುಟದ ಅಂದ ಚೆಂದಕ್ಕೆ ಕೈ ಹಾಕಬೇಡಿ. ಅಧ್ಯಾಯದ ಹೆಸರಿಗೆ 'ಹೆಡಿಂಗ್ 1' ಸ್ಟೈಲ್, ಉಳಿದದ್ದೆಲ್ಲ ಸಾಮಾನ್ಯ ಸ್ಟೈಲ್. ಪ್ಯಾರಾ ಮೊದಲಿಗೆ ಜಾಗ ಬಿಡಲು ಸ್ಪೇಸ್ ಒತ್ತಬೇಡಿ. ಹೊಸ ಪುಟಕ್ಕೆ ಹೋಗಲು ಎಂಟರ್ ಒತ್ತುತ್ತ ಹೋಗಬೇಡಿ. ದೃಶ್ಯ ಬದಲಾದರೆ ಒಂದು ಸಾಲಿನಲ್ಲಿ ಮೂರು ನಕ್ಷತ್ರ ಹಾಕಿ. ಇಷ್ಟು ಶಿಸ್ತು ಇದ್ದರೆ ನನ್ನಂಥವರು ಪುಟ ಕಟ್ಟುವ ಕೆಲಸದಲ್ಲಿ ದಿನಗಳೇ ಉಳಿಯುತ್ತವೆ.

ಇನ್ನು ನಿಮ್ಮ ಡಿಟಿಪಿಯವರ ಮಾತು. ಅವರು ಹೇಳಿದ್ದು ಅವರ ಅನುಭವದ ಮಟ್ಟಿಗೆ ನಿಜ. ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಇವತ್ತಿಗೂ ಅದರಲ್ಲೇ ವೇಗವಾಗಿ, ಅಚ್ಚುಕಟ್ಟಾಗಿ ಪುಟ ಕಟ್ಟುವ ನುರಿತ ಕೈಗಳಿವೆ. ಅವರ ಹತ್ತಿರ ಇರುವ ಬಗೆಬಗೆಯ ಫಾಂಟುಗಳೂ ಆಸ್ಕಿಯವೇ. ಪುಟ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ಭಾರತೀಯ ಲಿಪಿಗಳ ಬೆಂಬಲ ಅಧಿಕೃತವಾಗಿ ಬಂದದ್ದು 2012ರ ಸಿಎಸ್6ರಲ್ಲಿ. ಅದರಲ್ಲೂ ಪ್ಯಾರಾಗ್ರಾಫ್ ಮೆನುವಿನಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಬೇಕು. ಆರಿಸದೆ ಯೂನಿಕೋಡ್ ಪಠ್ಯ ಸುರಿದರೆ ಒತ್ತಕ್ಷರಗಳು ಪಕ್ಕಕ್ಕೆ ಬಂದು ನಿಲ್ಲುತ್ತವೆ. 'ಯೂನಿಕೋಡ್ ಆದ್ರೆ ಒಡೆಯುತ್ತೆ' ಅನ್ನುವ ಮಾತು ಬಂದದ್ದು ಹೀಗೆ. ಅವರ ಬಳಿ ಇನ್‌ಡಿಸೈನ್ ಇದ್ದರೆ ಈ ಆಯ್ಕೆಯ ಹೆಸರು ಬರೆದುಕೊಂಡು ಹೋಗಿ ಒಂದು ಪುಟ ಪ್ರಯೋಗ ಮಾಡಿಸಿ. ಪೇಜ್‌ಮೇಕರ್ ಮಾತ್ರ ಇದ್ದರೆ, ಕೊನೆಯ ಹಂತದಲ್ಲಿ ಯೂನಿಕೋಡ್‌ನಿಂದ ನುಡಿಗೆ ಬದಲಿಸಿದ ಒಂದು ಪ್ರತಿ ಮಾಡಿ ಕೊಡಿ. ಅದಕ್ಕೂ ಸಾಧನಗಳಿವೆ. ನಿಮ್ಮ ಮೂಲ ಮಾತ್ರ ಯೂನಿಕೋಡ್‌ನಲ್ಲೇ ಇರಲಿ.

ಇಲ್ಲೊಂದು ಅಪಾಯ ಇದೆ, ನನಗೇ ಆದದ್ದು. ಬಹಳ ಹಿಂದೆ ಒಂದು ಕಥಾಸಂಕಲನದ ಕೆಲಸ ಮಾಡಿದ್ದೆ. ಲೇಖಕಿ ಮೂರು ಸಲ ಕರಡು ತಿದ್ದಿದ್ದರು. ಕೆಲವು ಕಥೆಗಳ ಕೊನೆಯನ್ನೇ ಬದಲಿಸಿದ್ದರು. ಎಲ್ಲ ತಿದ್ದುಪಡಿಯೂ ಪುಟ ಕಟ್ಟಿದ ಫೈಲಿನಲ್ಲೇ ಆಯಿತು. ಕೆಲವು ವರ್ಷದ ಮೇಲೆ ಎರಡನೇ ಮುದ್ರಣಕ್ಕೆ ಕೇಳಿದಾಗ ಮುದ್ರಣಾಲಯದ ಆ ಕಂಪ್ಯೂಟರ್ ಕೆಟ್ಟಿತ್ತು. ನಮ್ಮಲ್ಲಿ ಉಳಿದದ್ದು ತಿದ್ದುವ ಮೊದಲಿನ ಪಠ್ಯ ಮತ್ತು ಅಚ್ಚಾದ ಪುಸ್ತಕ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಮತ್ತೆ ತಿದ್ದಿದೆವು. ಆ ಲೇಖಕಿಯ ಮುಖ ಇವತ್ತಿಗೂ ನೆನಪಿದೆ. ಆದ್ದರಿಂದ ಕರಡಿನಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ನಿಮ್ಮ ಮೂಲ ಫೈಲಿನಲ್ಲೂ ಅದೇ ದಿನ ಬದಲಿಸಿ. ಪಿಡಿಎಫ್ ಇದೆಯಲ್ಲ ಅಂತ ನಂಬಬೇಡಿ. ಕನ್ನಡ ಪಿಡಿಎಫ್‌ನಿಂದ ಪಠ್ಯ ಕಾಪಿ ಮಾಡಿದರೆ ಒತ್ತು, ದೀರ್ಘಗಳು ಚೆಲ್ಲಾಪಿಲ್ಲಿಯಾಗಿ ಬರುವುದೇ ಹೆಚ್ಚು.

ಪುಟವಿನ್ಯಾಸ ನೀವೇ ಮಾಡಿಕೊಳ್ಳಬಹುದಾ? ಚಿತ್ರಗಳಿಲ್ಲದ ಕಾದಂಬರಿಯಾದರೆ ಖಂಡಿತ ಮಾಡಬಹುದು. ಲಿಬ್ರೆಆಫೀಸೇ ಸಾಕು. ಡೆಮಿ 1/8 ಅನ್ನುವ ಪುಸ್ತಕದ ಅಳತೆಯಲ್ಲಿ ಪುಟ 5.5 ಇಂಚು ಅಗಲ, 8.5 ಇಂಚು ಎತ್ತರ. ಎಡ ಬಲ ಪುಟಗಳಿಗೆ ಕನ್ನಡಿಯ ಹಾಗೆ ಅಂಚು ಇಡಿ, ಹೊಲಿಗೆಯ ಕಡೆ ಸ್ವಲ್ಪ ಜಾಸ್ತಿ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಎರಡೂ ಮುಕ್ತ ಲೈಸೆನ್ಸಿನ ಫಾಂಟುಗಳು, ಪುಸ್ತಕಕ್ಕೆ ಬಳಸಲು ಯಾರ ಅನುಮತಿಯೂ ಬೇಡ. ಅಕ್ಷರ 11 ಅಥವಾ 12 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 17, 18 ಪಾಯಿಂಟ್ ಬಿಡಿ. ಇಂಗ್ಲಿಷ್ ಪುಸ್ತಕದ ಅಳತೆ ನೋಡಿ ಕಡಿಮೆ ಮಾಡಿದರೆ 'ರಾಷ್ಟ್ರ'ದ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುತ್ತವೆ. ಎರಡೂ ಅಂಚು ಸಮ ಮಾಡಿದಾಗ ನಮ್ಮ ಉದ್ದ ಪದಗಳಿಂದ ಸಾಲಿನ ಮಧ್ಯೆ ದೊಡ್ಡ ಬಿರುಕುಗಳು ಬೀಳುತ್ತವೆ. ಅಲ್ಲಿ ಪದವನ್ನು ಕೈಯಾರೆ ಮುರಿಯಬೇಕು, ಅದೂ ಪೂರ್ತಿ ಅಕ್ಷರ ಮುಗಿದ ಮೇಲೆ. ನಿಜ ಹೇಳಬೇಕೆಂದರೆ 250 ಪುಟಕ್ಕೆ ಇದು ತಾಳ್ಮೆಯ ಕೆಲಸ. ಪ್ರಕಾಶಕರು ಸಿಕ್ಕರೆ ಇದನ್ನು ಅವರಿಗೇ ಬಿಡಿ. ವೆಲಮ್‌ನಂಥ ಪುಟವಿನ್ಯಾಸದ ಸಾಫ್ಟ್‌ವೇರುಗಳ ಹೆಸರನ್ನೂ ನೀವು ಕೇಳಬಹುದು. ಅದು ಮ್ಯಾಕ್‌ಗೆ ಮಾತ್ರ, ಇಂಗ್ಲಿಷ್ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನನ್ನ ಪರೀಕ್ಷಾ ಸಾಲು ಹಾಕಿ ನೋಡದೆ ದುಡ್ಡು ಕೊಡಬೇಡಿ.

ಉಳಿದದ್ದು ನೋಟ್‌ಬುಕ್ಕಿನ ಐದು ಅಧ್ಯಾಯಗಳು. ಟೈಪ್ ಮಾಡಿಸಲು ಹೊರಗೆ ಕೊಟ್ಟರೆ 'ಯೂನಿಕೋಡ್‌ನಲ್ಲಿ ಬೇಕು' ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಮತ್ತೆ ಪರಿವರ್ತನೆಯ ಕೆಲಸ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ, ಕ್ರೋಮ್‌ನಲ್ಲಿ ತೆರೆದು ನೀವೇ ಓದುತ್ತ ಹೋಗಬಹುದು. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಆಮೇಲೆ ನೀವೇ ಹಾಕಬೇಕು. ಒಂದು ವಿಷಯದಲ್ಲಿ ಹುಷಾರಾಗಿರಿ. ಅದು ಆಡುಮಾತನ್ನು ಪುಸ್ತಕದ ಮಾತಿಗೆ ಎಳೆಯುತ್ತದೆ. ನಿಮ್ಮ ಕಥೆಯ ಜನ ಮಲೆನಾಡಿನ ಮಾತು ಆಡುವವರಾದರೆ ವಿವರಣೆಯ ಭಾಗಗಳನ್ನು ಮಾತ್ರ ಧ್ವನಿಯಲ್ಲಿ ಮಾಡಿ. ಸಂಭಾಷಣೆಗಳನ್ನು ನಿಮ್ಮ ಕೈಯಲ್ಲೇ ಟೈಪ್ ಮಾಡಿ.